ಮನೆಗೆಂದು ಇಟ್ಟ ನೀಲಿ ಡಬ್ಬಿ

ಮೀನಂಗಡಿಯ ಯಜಮಾನರದು ಒಂದೇ ನಿಯಮ: ಊರಿಗೆ ಏನೇ ಮಾರಲಿ, ತಮ್ಮ ತಟ್ಟೆಗೆ ಮಾತ್ರ ಅಸಲಿ ಬೀಳಬೇಕು. ದಿನಕ್ಕೆ ಒಂದೇ ಒಂದು ಕಡಲ ಕೆಂಪು ಮೀನು ತರಿಸುತ್ತಿದ್ದರು. ಅದರ ತಲೆ ಮುಂಬದಿಯ ಮಂಜುಗಡ್ಡೆಯ ಮೇಲೆ ಬಾಯಿ ತೆರೆದು ಗಿರಾಕಿಗಳನ್ನು ಕರೆಯುತ್ತಿತ್ತು. ಮೈ ಹೋಗುತ್ತಿದ್ದದ್ದು ಹಿಂದಿನ ಕೋಣೆಯ ನೀಲಿ ಡಬ್ಬಿಗೆ, ಮನೆಯೂಟಕ್ಕೆ. 'ಕೆಂಪು ಮೀನು' ಎಂಬ ಚೀಟಿಯಡಿ ಮಾರಾಟವಾಗುತ್ತಿದ್ದದ್ದು ಹೊಂಡದಲ್ಲಿ ಸಾಕಿದ ಅಗ್ಗದ ತಿಲಾಪಿಯಾ ಮೀನು. ಚರ್ಮ ಸುಲಿದರೆ ಎರಡೂ ಬೆಳ್ಳಗೆ ತಾನೆ? ಸುಲಿದುಕೊಡುವುದು ಉಚಿತ ಸೇವೆ ಎಂದು ಯಜಮಾನರು ಬೋರ್ಡನ್ನೂ ಬರೆಸಿದ್ದರು, ಪುಣ್ಯಾತ್ಮರು.

ಹಿಂದಿನ ಕೋಣೆಯಲ್ಲಿ ಕೊಯ್ಯುವವಳು ಅವರ ಹೆಂಡತಿ. ಆಕೆಗೆ ಇದೆಲ್ಲ ನಾಚಿಕೆ. ಆದರೆ ಹೇಳಿದರೆ ಕೇಳುವ ಕಿವಿ ಅಲ್ಲಿರಲಿಲ್ಲ. ಊಟಕ್ಕೆ ಕೂತಾಗ ಯಜಮಾನರು ಬೆರಳು ಚೀಪುತ್ತಾ, ಊರವರ ನಾಲಿಗೆಯೆಲ್ಲ ಮರದ್ದು, ಅಸಲಿ ರುಚಿ ತನಗೊಬ್ಬನಿಗೇ ಗೊತ್ತು ಎಂದು ಕೊಚ್ಚಿಕೊಳ್ಳುತ್ತಿದ್ದರು. ಆಕೆ ಇನ್ನೊಂದು ತುಂಡು ಬಡಿಸುತ್ತಿದ್ದಳು.

ಒಂದು ದಿನ ತಪಾಸಣೆಯವರು ಬಂದರು. ಕೆಂಪು ಮೀನಿನ ಒಂದು ತುಂಡು ಪರೀಕ್ಷೆಗೆ ಬೇಕು, ಚೀಟಿ ಸುಳ್ಳಾದರೆ ಅಂಗಡಿಯ ಪರವಾನಗಿ ರದ್ದು ಎಂದರು. ಬೇರೆಯವರಾಗಿದ್ದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಯಜಮಾನರು ಠೀವಿಯಿಂದ ಒಳಗೆ ಹೋಗಿ ನೀಲಿ ಡಬ್ಬಿಗೇ ಕೈ ಹಾಕಿದರು.

ಹೆಂಡತಿ ಅಡ್ಡ ನಿಂತು ಪಿಸುಗುಟ್ಟಿದಳು. "ಅದು ಬೇಡ ರೀ. ಮುಂದಿಟ್ಟಿರೋ ತಲೆ ಕೊಟ್ಬಿಡಿ."

ತಲೆ ಹೋದರೆ ಇವತ್ತಿನ ವ್ಯಾಪಾರ ಯಾರಪ್ಪ ಮಾಡ್ತಾನೆ ಎಂದು ಗದರಿ, ಯಜಮಾನರು ಡಬ್ಬಿಯ ತುಂಡನ್ನೇ ಕೊಟ್ಟು ಕಳಿಸಿದರು.

ಎಂಟು ದಿನಕ್ಕೆ ಕಾಗದ ಬಂತು: ತಿಲಾಪಿಯಾ. ಬಾಗಿಲಿಗೆ ಬೀಗ ಬಿತ್ತು. ಯಜಮಾನರು ಪರೀಕ್ಷೆ ಮಾಡಿದವರ ವಂಶವನ್ನೆಲ್ಲ ಬೈದರು. ಜೀವನದಲ್ಲಿ ಒಂದೇ ಸಲ ಪ್ರಾಮಾಣಿಕನಾದೆ, ಆವತ್ತೇ ಸಿಕ್ಕಿಬಿದ್ದೆ ಎಂದು ಗೋಳಾಡಿದರು. ಅವರು ಸುಸ್ತಾಗುವವರೆಗೆ ಕಾದು ಹೆಂಡತಿ ಬಾಯಿ ಬಿಟ್ಟಳು.

"ಅಸಲಿ ಮೀನು ಕಾಯಿಲೆಯವರಿಗೆ ಅಂತ ಕೇಳ್ಕೊಂಡು ಬಂದೋರ ಪೊಟ್ಟಣಕ್ಕೆ ಹೋಗ್ತಿತ್ತು. ಅವರಿಗೆ ಸುಳ್ಳು ಕಟ್ಟಿಕೊಡೋಕೆ ನನ್ನ ಕೈ ಬರಲಿಲ್ಲ."

"ಹಾಗಾದ್ರೆ ಇಷ್ಟು ವರ್ಷ ನಾನು ತಿಂದದ್ದು?"

"ಊರೆಲ್ಲ ತಿಂದದ್ದೇ. ಮೊದಲನೇ ವಾರ ಅಸಲಿನೇ ಬಡಿಸಿದ್ದೆ. ರುಚಿ ಇಲ್ಲ ಅಂತ ತಟ್ಟೆ ತಳ್ಳಿದ್ರಿ."