ನಲವತ್ತೊಂದನೆಯ ಗೇಟು

ನಾಲ್ವರು ಸೇರಿ ಮೇಜನ್ನು ವರಾಂಡಕ್ಕೆ ಸಾಗಿಸುತ್ತಿದ್ದರು. ತೀರಿಹೋದ ಯಜಮಾನರನ್ನು ಮಲಗಿಸಲು ನಡುಮನೆಯಲ್ಲಿ ಜಾಗ ಬೇಕಿತ್ತು.

“ನಿಧಾನ. ಮೇಲಿರೋ ಗೇಟು ಬಿದ್ರೆ ಅಪ್ಪ ಎದ್ದು ಬಂದು ಬೈತಾರೆ,” ಎಂದಳು ಮಗಳು, ಅಳುವಿನ ನಡುವೆಯೇ ನಕ್ಕು.

ಗೇಟೆಂದರೆ ಮೊಳದುದ್ದದ್ದು. ಹಿಂದೆ ಹೊಲದ ಗೇಟು ಮಾರುವವರು ರೈತರಿಗೆ ತೋರಿಸಲೆಂದು ಹೊತ್ತು ತಿರುಗುತ್ತಿದ್ದ ಮಾದರಿ. ಪುಟ್ಟ ಗಾಡಿಯ ಚಕ್ರ ದಾರಿಯ ಕಬ್ಬಿಣದ ಪಟ್ಟಿಯನ್ನು ಒತ್ತಿದರೆ ಗೇಟು ತಾನಾಗಿ ತೆರೆಯಬೇಕು. ಗಾಡಿ ದಾಟಿ ಆಚೆಯ ಪಟ್ಟಿಯನ್ನು ಒತ್ತಿದರೆ ತಾನಾಗಿ ಮುಚ್ಚಬೇಕು. ಗಾಡಿಯವನು ಕೆಳಗಿಳಿಯುವ ಗೋಜೇ ಇಲ್ಲ. ಇಂಥ ನಲವತ್ತನ್ನು ಗುಜರಿಯಿಂದ, ಕಂಡವರ ಅಟ್ಟದಿಂದ ತಂದು, ತುಕ್ಕು ಬಿಡಿಸಿ, ಓಡುವಂತೆ ಮಾಡಿ ಗೋಡೆಯ ಹಲಗೆಗಳ ಮೇಲೆ ಜೋಡಿಸಿದ್ದರು ಈ ಮಹಾನುಭಾವರು. ಸ್ವಂತ ಮನೆಯ ಗೇಟನ್ನು ಮಾತ್ರ ತಂತಿಯಲ್ಲಿ ಬಿಗಿದಿದ್ದರು.

ಮೇಜಿನ ಮೇಲಿದ್ದ ನಲವತ್ತೊಂದನೆಯದು ತೆರೆಯುತ್ತಿತ್ತು, ಮುಚ್ಚುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಅದಕ್ಕೆ ‘ಇನ್ನೂ ಆಗಿಲ್ಲ’ ಎಂಬ ಚೀಟಿ ನೇತಾಡುತ್ತಿತ್ತು.

*

ಅಂದು ಬೆಳಿಗ್ಗೆ ಹೆಂಡತಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ಒಳಗಿಂದ ಕೂಗು ಬಂತು.

“ಬಾರೇ ಇಲ್ಲಿ, ಗೇಟು ಮುಚ್ಕೊಳ್ತು ಕಣೇ.”

“ಬಂದೆ ಇರಿ, ಇನ್ನೆರಡು ಬಟ್ಟೆ ಇದೆ.”

ಎರಡು ಬಟ್ಟೆ ಹರವಿ ಬರುವಷ್ಟರಲ್ಲಿ ಅವರು ಕುರ್ಚಿಯಲ್ಲೇ ತಲೆ ವಾಲಿಸಿದ್ದರು. ಕೈಯಲ್ಲಿ ಪುಟ್ಟ ಗಾಡಿ. ಗೇಟು ತೆರೆದೇ ಇತ್ತು.

*

“ನೀವೇ ನೋಡಿ ಹೇಳಿ,” ಎಂದು ಆಕೆ ವರಾಂಡದ ಮೇಜಿನ ಬಳಿ ಗಡಿಯಾರ ರಿಪೇರಿಯವರನ್ನು ಹಿಡಿದು ನಿಲ್ಲಿಸಿದರು. ಗಂಡನ ಹಳೆಯ ಗೆಳೆಯ, ಹಳೆಯ ಎದುರಾಳಿ. ಆ ಗೇಟು ಅಸಲಿ ಮಾದರಿಯೇ ಅಲ್ಲ, ಯಾರೋ ಮಾಡಿದ ಆಟಿಕೆ ಎಂದು ಹನ್ನೊಂದು ವರ್ಷ ವಾದಿಸಿದ್ದವರು.

ಅವರು ಕನ್ನಡಕ ಏರಿಸಿ ಗಾಡಿ ಓಡಿಸಿದರು. ಗೇಟು ತೆರೆಯಿತು. ಗಾಡಿ ಆಚೆ ಹೋಯಿತು. ಗೇಟು ಜಪ್ಪಯ್ಯ ಅನ್ನಲಿಲ್ಲ.

“ಅತ್ತಿಗೆ, ಪಾಪ, ಅವನಿಗೆ ಹಾಗನ್ನಿಸಿರಬೇಕು.”

“ಕೊನೇ ಮಾತು ಸುಳ್ಳು ಹೇಳಿ ಹೋದ್ರು ಅಂತೀರಾ?”

ಆಕೆಗೆ ಗಂಡ ಹೋದ ದುಃಖ ಒಂದು ಕಡೆ. ಅವರು ಗೆದ್ದು ಹೋದರೋ ಭ್ರಮೆಯಲ್ಲಿ ಹೋದರೋ ಗೊತ್ತಾಗದ ಸಂಕಟ ಇನ್ನೊಂದು ಕಡೆ.

ಆಕೆ ಒಳಗೆ ಹೋಗಿ, ಗಂಡನನ್ನು ಮಲಗಿಸಿದ್ದ ಚಾಪೆಯ ಪಕ್ಕ, ಮೇಜು ಇದ್ದ ಜಾಗ ಗುಡಿಸಲು ಪೊರಕೆ ಹಿಡಿದರು. ಕಿಟಕಿಯ ಕಡೆ, ಮೇಜಿನ ಎರಡು ಕಾಲು ಊರಿದ್ದಲ್ಲಿ, ಎರಡು ಮರದ ತುಂಡು ಸಿಕ್ಕವು. ಎರಡೂ ಬೆರಳು ದಪ್ಪ, ಹೊಸದಾಗಿ ಕೊಯ್ದದ್ದು.

“ಇದೇನೇ?” ಮಗಳನ್ನು ಕೇಳಿದರು. “ನಿಮ್ಮಪ್ಪ ಮೇಜು ಸೊಟ್ಟ ಇಡೋದುಂಟಾ?”

“ಅಪ್ಪನಾ? ನನ್ನ ಬೈತಲೆಗೂ ರಸಮಟ್ಟ ಹಿಡೀತಿದ್ರು.”

ತೂಕ-ಅಳತೆ ಕಚೇರಿಯಲ್ಲಿ ಮೂವತ್ತು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿದ ಮನುಷ್ಯ. ಮೇಜಿನ ಮೇಲೆ ರಸಮಟ್ಟವಿಟ್ಟು, ಗಾಳಿಗುಳ್ಳೆ ನಟ್ಟನಡುವೆ ನಿಲ್ಲದೆ ಸ್ಕ್ರೂ ಕೂಡ ಮುಟ್ಟುತ್ತಿರಲಿಲ್ಲ.

ಆಕೆ ಪೊರಕೆ ಬಿಸಾಡಿ ವರಾಂಡಕ್ಕೆ ಬಂದರು. “ಕಿಟಕಿ ಕಡೆಗಿದ್ದ ಈ ಎರಡು ಕಾಲು ಎತ್ತಿ.”

“ಹೊತ್ತಾಯ್ತಮ್ಮ, ಹೊರಡಬೇಕು,” ಎಂದರು ಯಾರೋ.

“ಹನ್ನೊಂದು ವರ್ಷ ಕಾದಿದ್ದೀವಿ, ಎರಡು ನಿಮಿಷ ಕಾಯಕ್ಕಾಗಲ್ವಾ?”

ಮೇಜು ಎತ್ತಿದರು. ತುಂಡುಗಳನ್ನು ಆಕೆಯೇ ಕಾಲಡಿ ಸೇರಿಸಿದರು. ಗಾಡಿಯನ್ನು ತಳ್ಳಿದರು. ಗೇಟು ತೆರೆಯಿತು. ಗಾಡಿ ದಾಟಿ ಆಚೆಯ ಪಟ್ಟಿ ಒತ್ತಿದ್ದೇ ತಡ, ಗೇಟು ಸುಯ್ಯೆಂದು ತಿರುಗಿ ಟಕ್ ಎಂದು ಮುಚ್ಚಿಕೊಂಡಿತು.

ಗಡಿಯಾರದವರು ಬಗ್ಗಿ ನೋಡಿದರು, ತಾವೂ ಒಮ್ಮೆ ತಳ್ಳಿದರು. ಟಕ್.

“ಹೊಲದ ದಾರಿ ಎಲ್ಲಿ ಸಮ ಇರುತ್ತೆ. ಇಳಿಜಾರಿಗೇ ಮಾಡಿದ ಗೇಟಿದು, ತನ್ನ ಭಾರಕ್ಕೆ ತಾನೇ ಮುಚ್ಕೊಳ್ಳುತ್ತೆ. ನಮ್ಮ ಮಟ್ಟದ ಹುಚ್ಚಲ್ಲಿ ಇಷ್ಟು ವರ್ಷ ಇಬ್ಬರಿಗೂ ಹೊಳೀಲಿಲ್ಲ. ಕೊನೆಗೆ ಅವನಿಗೆ ಹೊಳೆದಿದೆ, ನಿಮಗೆ ತೋರಿಸೋಕೆ ಅಂತ ಮತ್ತೆ ತೆರೆದಿಟ್ಟಿದ್ದಾನೆ.” ನಡುಮನೆಯತ್ತ ತಿರುಗಿದರು. “ಅಸಲಿನೇ ಕಣಯ್ಯ. ಸೋತೆ.”

ಹೆಂಡತಿಗೆ ಅಳುವೂ ನಗುವೂ ಒಟ್ಟಿಗೆ ನುಗ್ಗಿ ಬಂದವು, ಜೊತೆಗೆ ತಡೆಯಲಾರದ ಹೆಮ್ಮೆ. ‘ಇನ್ನೂ ಆಗಿಲ್ಲ’ ಚೀಟಿಯನ್ನು ಕಿತ್ತು, ಒಳಗೆ ಹೋಗಿ ಗಂಡನ ಅಂಗಿಯ ಜೇಬಿಗೆ ಸೇರಿಸಿದರು. “ಆಯ್ತು ರೀ,” ಎಂದರು.

ಹೊರಗೆ ಮನೆಯ ಗೇಟಿನ ತಂತಿ ಬಿಚ್ಚಲು ಇಬ್ಬರು ಒದ್ದಾಡುತ್ತಿದ್ದರು. ಯಜಮಾನರನ್ನು ಹೊತ್ತವರು ವರಾಂಡ ಹಾಯುವಾಗ ಆಕೆ ಮೇಜಿನ ಪಕ್ಕ ನಿಂತು ಪುಟ್ಟ ಗಾಡಿಯನ್ನು ಒಂದು ಬೆರಳಿನಿಂದ ತಳ್ಳಿದರು. ಗೇಟು ತೆರೆಯಿತು, ಗಾಡಿ ದಾಟಿತು, ಹಿಂದಿನಿಂದ ಗೇಟು ತಾನಾಗಿ ಮುಚ್ಚಿಕೊಂಡಿತು.