ದೋಣಿಗಳ ಹರಾಜು

“ಏನಾದ್ರೂ ಹೇಳಿ ಅಪ್ಪ. ಮನೇಲಿ ಮಾತಾಡ್ತೀರಲ್ಲ, ಹಾಗೇ.”

ಮಗಳು ಫೋನನ್ನು ಅಪ್ಪನ ಗಲ್ಲದ ಹತ್ತಿರ ಹಿಡಿದಳು. ವಸತಿಗೃಹದ ವರಾಂಡದಲ್ಲಿ ಕೂತಿದ್ದ ಅಪ್ಪ ಬೆನ್ನು ನೆಟ್ಟಗೆ ಮಾಡಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಎದುರಿನ ಸಮುದ್ರಕ್ಕೆ ವರದಿ ಒಪ್ಪಿಸಿದರು: “ನಾವಿಲ್ಲಿ ಕ್ಷೇಮ. ಹವೆ ಚೆನ್ನಾಗಿದೆ. ಊಟ ತಿಂಡಿಗೆ ತೊಂದರೆಯಿಲ್ಲ.”

“ಇದನ್ನ ಅಂಚೆಗೆ ಹಾಕೋಣ್ವಾ?” ಎಂದ ಅವಳ ತಮ್ಮ. ಬಾಗಿಲಲ್ಲಿ ನಿಂತಿದ್ದ ಅಮ್ಮ ಸದ್ದಿಲ್ಲದೆ ನಕ್ಕಳು.

ಮೂವತ್ತೆರಡು ವರ್ಷ ತರಕಾರಿ ಮಂಡಿಯಲ್ಲಿ ಹರಾಜು ಕೂಗಿದ ಮನುಷ್ಯ. ಬೆಳಗಿನ ಜಾವ ಅವರು ಬಾಯಿ ತೆರೆದರೆ ಎರಡು ಬೀದಿಯಾಚೆ ಮಲಗಿದ್ದವರೂ ಎದ್ದು ಹಲ್ಲುಜ್ಜುತ್ತಿದ್ದರಂತೆ. ಮಂಡಿಯವರು ಇಟ್ಟ ಹೆಸರು ಗುಡುಗಪ್ಪ. ಈಗ ಆ ಗಂಟಲಲ್ಲಿ ಗೆಡ್ಡೆ. ಬರುವ ಗುರುವಾರ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತೇವೆ, ಜೀವಕ್ಕೆ ಭಯವಿಲ್ಲ, ಮಾತು ಮಾತ್ರ ಇರುವುದಿಲ್ಲ ಎಂದಿದ್ದರು ಡಾಕ್ಟರು. “ಅಲ್ಲೀವರೆಗೆ?” ಎಂದು ಅಮ್ಮ ಕೇಳಿದ್ದಕ್ಕೆ, “ಹೊಟ್ಟೆ ತುಂಬ ಮಾತಾಡ್ಲಿ,” ಅಂದಿದ್ದರು.

ಅದಕ್ಕೇ ಈ ದ್ವೀಪ. ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಮಗಳು ನಾಲ್ಕು ದಿನ ರಜೆ ಹಾಕಿ, ಸಾಮಾನಿನ ವ್ಯಾನು ಓಡಿಸುವ ತಮ್ಮನ ಬೆನ್ನು ಹತ್ತಿ, ಎಲ್ಲರನ್ನೂ ಹೊರಡಿಸಿಕೊಂಡು ಬಂದಿದ್ದಳು. ಮುಂದಿನ ವರ್ಷಗಳಿಗೆ ಸಾಕಾಗುವಷ್ಟು ಅಪ್ಪನ ದನಿಯನ್ನು ಫೋನಿಗೆ ತುಂಬಿಕೊಂಡೇ ಹೋಗುವುದು ಅವಳ ಹಟ. ಮೂರು ದಿನವಾಯಿತು. ಫೋನು ಕಂಡೊಡನೆ ಅಪ್ಪ ಮುಖ್ಯೋಪಾಧ್ಯಾಯರಿಗೆ ರಜಾ ಅರ್ಜಿ ಬರೆಯುವವರಂತೆ ಮಾತಾಡುತ್ತಿದ್ದರು. ಅದನ್ನು ಒಳಗಿಟ್ಟರೆ ಸರಿ, ಹರಿದ ಗೋಣಿಯಂಥ ದನಿಯಲ್ಲೇ ಕೀಟಲೆ, ಬೈಗುಳ, ಹಳೇ ಕಥೆ ಎಲ್ಲ ಬರುತ್ತಿತ್ತು.

ಕೊನೆಯ ಸಂಜೆ ವಸತಿಗೃಹದ ಮ್ಯಾನೇಜರು ದೋಣಿ ಪಂದ್ಯ ಇಟ್ಟಿದ್ದ. ಐದು ಸಣ್ಣ ದೋಣಿ, ಒಂದೊಂದಕ್ಕೆ ಒಂದೊಂದು ಬಣ್ಣ. ಇಬ್ಬಿಬ್ಬರು ಹುಟ್ಟು ಹಾಕಿ, ದೂರದಲ್ಲಿ ತೇಲುವ ಪೀಪಾಯಿಯನ್ನು ಸುತ್ತಿ ದಡದ ಕಟ್ಟೆಗೆ ಮರಳಬೇಕು. ಮುಂದೆ ಯಾರು ಕೂರಬೇಕೆಂದು ಜಗಳವಾಡುತ್ತಲೇ ಅಕ್ಕ ತಮ್ಮ ಹಸಿರು ದೋಣಿ ಹತ್ತಿದರು. ಹತ್ತುವ ಮುಂಚೆ ಅವಳು ಫೋನನ್ನು ಅಮ್ಮನಿಗೆ ಕೊಟ್ಟು, “ಈ ಕೆಂಪು ಚುಕ್ಕಿ ಒತ್ತಿ ನಮ್ಮ ಕಡೆ ಹಿಡ್ಕೋ, ಅಷ್ಟೇ,” ಎಂದಳು.

ಪಂದ್ಯ ಶುರುವಾಗುತ್ತಿದ್ದಂತೆ ಮ್ಯಾನೇಜರನ ಮೈಕು ಕೈಕೊಟ್ಟಿತು. ಅವನು ತಟ್ಟಿದ, ಊದಿದ, ತಲೆಕೆಳಗು ಮಾಡಿ ನೋಡಿದ. ನೋಡುವಷ್ಟು ನೋಡಿ ಅಪ್ಪ ಕಟ್ಟೆಯ ಮೇಲಿದ್ದ ಮರದ ಪೆಟ್ಟಿಗೆ ಹತ್ತಿ ನಿಂತರು.

“ಬನ್ನಿ, ನೋಡಿ, ಐದು ದೋಣಿ, ಐದೂ ತಾಜಾ. ಹಳದಿ ನೋಡಿ, ಎಳೇ ಸೌತೆಕಾಯಿ ಹಾಗೆ ಜಾರ್ತಾ ಇದೆ. ನೀಲಿಯವ್ರೇ, ಎಷ್ಟು ಕಡೆದ್ರೂ ಅದರಲ್ಲಿ ಬೆಣ್ಣೆ ಬರಲ್ಲ, ಮುಂದಕ್ಕೆ ಹೋಗಿ.”

ದನಿ ಒಡೆದಿತ್ತು. ಆದರೆ ನಗಾರಿ ಒಡೆದರೂ ನಗಾರಿಯೇ. ಬಟ್ಟೆ ಒಣಹಾಕುತ್ತಿದ್ದವರು, ಕೋಣೆಗಳಲ್ಲಿ ಮಲಗಿದ್ದವರು ಎಲ್ಲ ಕಟ್ಟೆಗೆ ಓಡಿ ಬಂದರು.

“ಹಸಿರು ನನ್ನ ಸ್ವಂತ ಮಾಲು, ಹೊಗಳಬಾರದು. ಅದು ನಿದ್ದೆ ಮಾಡ್ತಿದೆ.”

ತಮ್ಮ ನಗುತ್ತ ಹುಟ್ಟು ತಪ್ಪಿಸಿದ. ದೋಣಿ ಗಿರ್ರನೆ ತಿರುಗಿತು. “ಆಮೇಲೆ ನಗೋ, ಎಳಿ,” ಎಂದು ಅವಳು ಹಲ್ಲು ಕಚ್ಚಿ ಎಳೆದಳು. ತೋಳು ಉರಿಯುತ್ತಿತ್ತು, ಕಣ್ಣಿಗೆ ಉಪ್ಪುನೀರು ಬಡಿಯುತ್ತಿತ್ತು, ಎದೆ ಸಣ್ಣವಳಿದ್ದಾಗಿನಂತೆ ಕುಣಿಯುತ್ತಿತ್ತು. ನೀಲಿ ಹಿಂದೆ ಬಿತ್ತು, ಬಿಳಿ ಬಿತ್ತು, ಹಳದಿಯೂ ಬಿತ್ತು. ಉಳಿದದ್ದು ಕೆಂಪು.

“ಹಸಿರು ಒಂದ್ಸಾರಿ. ಹಸಿರು ಎರಡ್ಸಾರಿ.” ಅಪ್ಪ ಕೈಯೆತ್ತಿದರು. ಕೆಂಪು ದೋಣಿ ಒಂದು ಮೊಳ ಮುಂದೆ ನುಗ್ಗಿತು. “ಮೂರ್ಸಾರಿ, ಕೆಂಪಿಗೆ.” ಸ್ವಂತ ಮಾಲೆಂದು ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

ಸೋತ ಬೇಜಾರೇ ಇಲ್ಲದೆ ಮಗಳು ನೀರು ತೊಟ್ಟಿಕ್ಕಿಸುತ್ತ ಅಮ್ಮನ ಹತ್ತಿರ ಓಡಿದಳು. “ಬಂತಾ? ಎಲ್ಲ ಬಂತಾ?”

ಫೋನಿನಲ್ಲಿ ಬಂದದ್ದು ಒಬ್ಬ ಹೆಂಗಸಿನ ಕಿರುಚಾಟ. “ಎಳೀರೋ... ಎಡಕ್ಕೆ ಕತ್ತೆಗಳಾ, ಎಡಕ್ಕೆ... ಬಿಡಬೇಡ ಮಗಳೇ...” ಅಪ್ಪನ ದನಿ ಅದರಡಿಯಲ್ಲಿ ಎಲ್ಲೋ ಗೊರಗೊರ ಎನ್ನುತ್ತಿತ್ತು, ಒಂದಕ್ಷರ ತಿಳಿಯದಂತೆ. ಪಕ್ಕದ ಕೋಣೆಯಲ್ಲಿದ್ದವರನ್ನು ಕರೆಯಲೂ ಕೂಗದೆ ಎದ್ದು ಬಾಗಿಲವರೆಗೆ ನಡೆದು ಹೋಗುವ ಅಮ್ಮನ ದನಿ ಅದು.

“ಅಮ್ಮಾ, ಅಪ್ಪನ ಮಾತೆಲ್ಲ ಹೋಯ್ತಲ್ಲ.” ಮಗಳು ಫೋನಿನ ಸದ್ದು ಏರಿಸಿ ನೋಡಿದಳು.

“ಕೂಗಿದ್ದು ನಾನಾ?” ಅಮ್ಮ ಪೆಚ್ಚಾದಳು. “ನಂಗೆ ಗೊತ್ತೇ ಆಗ್ಲಿಲ್ಲ ಕಣೇ.”

ಅಪ್ಪ ಫೋನು ಕಸಿದುಕೊಂಡು ಕಿವಿಗಿಟ್ಟರು. ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು. ನಕ್ಕು ನಕ್ಕು ಪೆಟ್ಟಿಗೆಯ ಮೇಲೆ ಕುಸಿದು ಕೂತರು. “ಇಷ್ಟು ವರ್ಷ ಈ ಗಂಟ್ಲು ಎಲ್ಲಿ ಬಚ್ಚಿಟ್ಟಿದ್ದೆ?”

“ನೀವು ಬೇರೆಯವ್ರಿಗೆ ಜಾಗ ಎಲ್ಲಿ ಬಿಟ್ರಿ?” ಎಂದಳು ಅಮ್ಮ.

ಮಗಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. “ಅಪ್ಪ, ಇನ್ನೊಂದ್ಸಲ ಕೂಗ್ತೀರಾ? ಸ್ವಲ್ಪಾನೇ.”

“ಹರಾಜಾದ ಮಾಲು ವಾಪಸ್ ಬರಲ್ಲ ಮಗಾ,” ಎಂದು ಅಪ್ಪ ಅವಳ ಒದ್ದೆ ತಲೆಯನ್ನು ಟವೆಲಿನಿಂದ ಒರೆಸತೊಡಗಿದರು.

ಬೆಳಗಾಗುವಷ್ಟರಲ್ಲಿ ಅವರ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಸಾಮಾನು ಕಟ್ಟುವುದರಲ್ಲಿ ತಡವಾಗಿ, ಮೆಟ್ಟಿಲ ಮೇಲಿನಿಂದ ಕಟ್ಟೆ ಕಾಣುವ ಹೊತ್ತಿಗೆ ಊರಿನ ಕಡೆ ಹೋಗುವ ಲಾಂಚಿನವನು ಹಗ್ಗ ಬಿಚ್ಚಿಯಾಗಿತ್ತು. ತಮ್ಮ ಚೀಲ ಎತ್ತಿಕೊಂಡು ಓಡಿದ. ಅಪ್ಪ ಕೈ ಎತ್ತಿ ಬಾಯಿ ತೆರೆದರು. ಬರೀ ಗಾಳಿ ಬಂತು. ಅವರು ಅಮ್ಮನ ಕಡೆ ತಿರುಗಿ ನೋಡಿದರು.

ಅಮ್ಮ ನೀರಿನ ಬಾಟಲಿಯನ್ನು ಮಗಳಿಗೆ ಕೊಟ್ಟು, ಎರಡೂ ಅಂಗೈಗಳನ್ನು ಬಾಯಿಗೆ ಒಡ್ಡಿಕೊಂಡಳು.

“ನಿಲ್ಸಪ್ಪೋ, ಇನ್ನೂ ನಾಲ್ಕು ಜನ ಇದೀವಿ.”

ಕಟ್ಟೆಯ ಮೇಲಿದ್ದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಲಾಂಚು ನಿಧಾನಕ್ಕೆ ಮೂತಿ ತಿರುಗಿಸಿತು. ಅಪ್ಪ ಅವಸರಪಡಲಿಲ್ಲ, ಅಮ್ಮನ ಕೈಚೀಲವನ್ನೂ ಹೆಗಲಿಗೇರಿಸಿಕೊಂಡು ಅವಳ ಹಿಂದೆ ಒಂದೊಂದೇ ಮೆಟ್ಟಿಲು ಇಳಿದರು.