ಗಂಗೆಗಾಗಿ ಪ್ರಾರ್ಥನೆ

ಡಬಲ್ ರೊಟ್ಟಿಯ ಕಂದು ಅಂಚನ್ನೆಲ್ಲ ಕತ್ತರಿಸಿ ತೆಗೆಯಬೇಕು. ಕರ್ತನ ಮೇಜಿಗೆ ಒಳಗಿನ ಬಿಳಿ ಭಾಗವೇ ಹೋಗಬೇಕೆನ್ನುವುದು ಶಿರಸಿಯ ಆ ಪುಟ್ಟ ಕ್ರೈಸ್ತ ಸಭೆಯಲ್ಲಿ ಯಾರೋ ಎಂದೋ ಮಾಡಿಟ್ಟ ಪದ್ಧತಿ. ಪರಿಮಳಾ ಕತ್ತರಿಸುತ್ತಿದ್ದಳು. ಹೊಸ್ತಿಲಾಚೆ ಗಂಗೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು. ಚಾಕು ಹಲಗೆಗೆ ತಗಲುವ ಸದ್ದೊಂದೇ.

ಗಂಗೆಯಂತೆ ಮೇಜಿನಿಂದ ಹೊರಗಿಟ್ಟವರು ಆ ರೊಟ್ಟಿಯನ್ನು ಮುಟ್ಟುವಂತಿಲ್ಲ. ಅಂಚಿಗೆ ಆ ಕಟ್ಟು ಇಲ್ಲ. ಪರಿಮಳಾ ಒಂದು ಚೂರನ್ನು ಕೂಸಿನ ಕೈಗೆ ಕೊಟ್ಟಳು. ಅಗಿಯುವಾಗ ಅದರ ಕೆನ್ನೆಯ ಮೇಲಿನ ಸಿಡುಬಿನ ಕಲೆಗಳು ಅಲುಗಿದವು. ಪರಿಮಳಾ ಮುಖ ತಿರುಗಿಸಿದಳು.

“ಇನ್ನೊಮ್ಮೆ ಹೇಳು, ನೋಡೋಣ.”

“ನಾನು ಮಾಡಿದ್ದು ಪಾಪ,” ಎಂದು ಗಂಗೆ ನಿಲ್ಲಿಸಿದಳು.

“ಅದಕ್ಕಾಗಿ?”

“ಅದು ಬರಲ್ಲ ಅಕ್ಕೋರೇ.”

“ಮರೆತೆಯಾ?”

“ನೆನಪೈತೆ. ಬರಲ್ಲ, ಅಷ್ಟೇ.”

ಉಳಿದದ್ದು ‘ಅದಕ್ಕಾಗಿ ದುಃಖಪಡುತ್ತೇನೆ’ ಎಂಬ ಮಾತು. ಇವತ್ತಿನ ಆರಾಧನೆಯಲ್ಲಿ ಎಲ್ಲರೆದುರು ನಿಂತು ಅದನ್ನು ಹೇಳಿದರೆ ಗಂಗೆ ಮತ್ತೆ ಸಭೆಯವಳು. ಹೇಳದಿದ್ದರೆ ಮಿಶನ್ ಲೈನಿನ ಕೋಣೆ ಬಿಡಬೇಕು. ಬಿಳಗಿಯ ಅಣ್ಣಂದಿರು ಅವಳ ದೀಕ್ಷಾಸ್ನಾನದ ದಿನವೇ ಅವಳನ್ನು ಬಿಟ್ಟಿದ್ದರು. ಮಾರ್ಥಾ ಎಂದು ಹೆಸರಿಟ್ಟಿದ್ದರೂ ಇಲ್ಲಿ ಎಲ್ಲರಿಗೂ ಅವಳು ಗಂಗೆಯೇ.

ಬೇಸಗೆಯಲ್ಲಿ ಕೂಸಿಗೆ ಸಿಡುಬು ಎದ್ದಿತ್ತು. ಮಿಶನ್ನಿನ ಔಷಧಿ ಹಿಡಿಯಲಿಲ್ಲ. ಒಂದು ಸಂಜೆ ಗಂಗೆ ಸೆರಗು ಮುಚ್ಚಿಕೊಂಡು ಅಮ್ಮನವರ ಗುಡಿಗೆ ಹೋಗಿ ಉಡಿ ಕೊಟ್ಟು ಬಂದಳು. ಕೂಸು ಉಳಿಯಿತು.

“ಉಳೀತಲ್ರಾ,” ಗಂಗೆ ಈಗ ಮೆಲ್ಲಗೆ ಹೇಳಿದಳು. “ಅದಕ್ಕೆ ದುಃಖ ಅಂತ ಹೆಂಗೆ ಹೇಳಲಿ? ದೇವರು ಕೇಳಿಸ್ಕಂಡ್ರೆ?”

“ಉಳಿದದ್ದಕ್ಕಲ್ಲ ಮಾರಾಯ್ತಿ. ಉಡಿ ಕೊಟ್ಟದ್ದಕ್ಕೆ.”

“ಎರಡೂ ಒಂದೇ ಸಂಜೆ ಆದದ್ದು.”

ಪರಿಮಳಾ ಧಾರವಾಡದಲ್ಲಿ ಬೈಬಲ್ ಕಲಿಸುವ ಟ್ರೇನಿಂಗ್ ಮುಗಿಸಿ ಬಂದವಳು. ಇದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು. ಉತ್ತರ ಸರಿಯಾಗಿಯೇ ಇತ್ತು. ಅವಳು ಇನ್ನೊಂದು ತುಂಡು ಕತ್ತರಿಸಿದಳು.

ಈ ರೊಟ್ಟಿ ಹುಬ್ಬಳ್ಳಿಯಿಂದ ಹನೀಫನ ಮೋಟಾರಿನಲ್ಲಿ ಬರುತ್ತದೆ. ಬೆಳಿಗ್ಗೆ ಕೊಡುವಾಗ ಅವನು ನಕ್ಕಿದ್ದ: “ನಿಮ್ಮ ದೇವರ ಡಬಲ್ ರೊಟ್ಟಿ ನನ್ನ ಗಾಡೀಲೇ ಬರಬೇಕು ನೋಡಿ ಅಕ್ಕೋರೇ. ಮೇಲೆ ನನಗೂ ಒಂದು ಸೀಟು ಹಿಡಿದಿಡಿ.” ಆಮೇಲೆ ಸಿದ್ದಾಪುರದ ಸುದ್ದಿ ಹೇಳಿದ. ಸತ್ಯಾಗ್ರಹದಲ್ಲಿ ಕರ ಕೊಡದೆ ಜೈಲಿಗೆ ಹೋದವರು ಬಿಡುಗಡೆಯಾಗಿ ಅವನ ಗಾಡಿಯಲ್ಲೇ ಬಂದರಂತೆ. “ತಪ್ಪಾತು ಅಂದ್ರೆ ಜಮೀನು ತಿರುಗಿ ಕೊಡ್ತೀವಿ ಅಂದ್ರಂತೆ ಸರಕಾರದವರು. ಒಬ್ಬರೂ ಅನ್ನಲಿಲ್ಲ. ಎಂಥಾ ಜನ!”

ಪರಿಮಳಾ ರೊಟ್ಟಿ ತೆಗೆದುಕೊಂಡು ಒಳಗೆ ಬಂದಿದ್ದಳು.

ಗುಡಿಗೆ ಹೋದ ಸಂಗತಿಯನ್ನು ಗಂಗೆ ಹೇಳಿದ್ದು ಅವಳೊಬ್ಬಳಿಗೇ. ಬಾವಿಕಟ್ಟೆಯಲ್ಲಿ ಅಳುತ್ತ, “ನನಗಾಗಿ ಪ್ರಾರ್ಥನೆ ಮಾಡಿ ಅಕ್ಕೋರೇ,” ಎಂದಿದ್ದಳು. ಪರಿಮಳಾ ಮಾಡಿದಳು. ಹೆಂಗಸರ ಕೂಟದಲ್ಲಿ, ಅಲ್ಲಿಯ ಪದ್ಧತಿಯಂತೆ, ಗಂಗೆಯ ಹೆಸರು ಹಿಡಿದು, ಗುಡಿಯ ಸಂಗತಿ ಬಿಡಿಸಿ ಹೇಳಿ, ಗಟ್ಟಿಯಾಗಿ.

ಅಲ್ಲಿಯವರೆಗೆ ಅವಳ ಪ್ರಾರ್ಥನೆಗಳು ಬಾಯಿಪಾಠ ಒಪ್ಪಿಸಿದಂತಿದ್ದವು. ಅಂದು ಕಣ್ಣೀರು ಬಂತು. ದೇವರು ಪಕ್ಕದಲ್ಲೇ ಕೂತಿದ್ದಾನೆ ಎನಿಸಿತು. ಆಮೆನ್ ಎಂದು ಕಣ್ಣು ಬಿಟ್ಟಾಗ ಉಳಿದವರೆಲ್ಲ ಆಗಲೇ ಕಣ್ಣು ಬಿಟ್ಟಿದ್ದರು. ಮರುವಾರ ಗಂಗೆಯನ್ನು ಮೇಜಿನಿಂದ ಹೊರಗಿಟ್ಟರು.

ಆ ದಿನ ಹತ್ತಿರ ಬಂದದ್ದು ದೇವರೋ, ಕೇಳುವ ಕಿವಿಗಳೋ? ಆಮೇಲೆ ಅಂಥ ಪ್ರಾರ್ಥನೆ ಬರಲಿಲ್ಲ. ಗಂಗೆಯೂ ಒಮ್ಮೆಯೂ ಆ ಮಾತೆತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಆರಾಧನೆಯ ಗಂಟೆ ಹೊಡೆಯಿತು.

ಸಭೆಯ ಪಾದ್ರಿ ಅಯ್ಯನವರು ವೃದ್ಧರು. ಕೆಮ್ಮಿನ ನಡುವೆ ಉಪದೇಶ ಮಾಡಿದರು. ಅರಸನ ಪಾಪವನ್ನು ಅವನ ಮುಖಕ್ಕೇ ಹೇಳಿದ ಪ್ರವಾದಿಯ ಕಥೆ. ಅರಸ ಅತ್ತ, ಕ್ಷಮೆ ಸಿಕ್ಕಿತು. ಅವನ ಕೂಸು ಮಾತ್ರ ಉಳಿಯಲಿಲ್ಲ. ಆ ಭಾಗವನ್ನು ಅಯ್ಯನವರು ಬೇಗ ದಾಟಿಸಿದರು. ಪರಿಮಳಾ ದಾಟಲಿಲ್ಲ. ಪ್ರವಾದಿ ಅರಸನೆದುರು ಒಬ್ಬನೇ ನಿಂತಿದ್ದ, ಕಣ್ಣು ತೆರೆದುಕೊಂಡು. ತಾನು ಕಣ್ಣು ಮುಚ್ಚಿ, ದೇವರಿಗೆ ಹೇಳುವಂತೆ ಹೇಳಿ, ಊರಿಗೆ ಕೇಳಿಸಿದ್ದಳು.

ಗಂಗೆಯನ್ನು ಕರೆದರು. ಅವಳು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಂಚುಗಳ ನಡುವೆ ನಿಂತಳು.

“ನಾನು ಮಾಡಿದ್ದು ಪಾಪ.”

ಎಲ್ಲರೂ ಕಾದರು. ಎಲ್ಲೋ ಯಾರದೋ ಬಳೆ ಸದ್ದಾಯಿತು.

“ಹೇಳು ಮಗಳೇ,” ಅಯ್ಯನವರ ದನಿ ಬೇಡುವಂತಿತ್ತು. “ನಾನೂ ಜೊತೆಗೆ ಹೇಳ್ತೇನೆ. ಅದಕ್ಕಾಗಿ...”

“ಹೇಳಿ ಮುಗಿಸಬಾರದಾ, ಹಟಮಾರಿ,” ಎಂದು ಪಕ್ಕದ ದೇವಕ್ಕ ಪಿಸುಗುಟ್ಟಿದಳು. ಮತ್ತೆ ಪರಿಮಳಾಳತ್ತ ಬಾಗಿ, “ನೀವೇ ಒಂದು ಪ್ರಾರ್ಥನೆ ಮಾಡಿ ಅಕ್ಕೋರೇ. ನಿಮಗೆ ಚೆಂದ ಬರ್ತದೆ.”

ಗಂಗೆ ತಿರುಗಿ ಪರಿಮಳಾಳನ್ನು ನೋಡಿದಳು. ಸಿಟ್ಟಿನಿಂದಲ್ಲ. ಉತ್ತರ ಮರೆತ ಹುಡುಗಿ ಕಲಿಸಿದವಳನ್ನು ನೋಡುವ ಹಾಗೆ.

ಎದ್ದು ನಿಲ್ಲಬಹುದಿತ್ತು. ನಾನು ಮಾಡಿದ್ದು ಪಾಪ, ಅದಕ್ಕಾಗಿ ದುಃಖಪಡುತ್ತೇನೆ. ಪರಿಮಳಾ ಮನಸ್ಸಿನಲ್ಲೇ ಹೇಳಿ ನೋಡಿದಳು. ಎಲ್ಲೂ ತಡವರಿಸದೆ, ಒಂದೇ ಉಸಿರಿಗೆ ಬಂತು. ಅಷ್ಟು ಸಲೀಸಾಗಿ ಬಂದದ್ದನ್ನು ಕಂಡು ಅವಳಿಗೆ ಹೆದರಿಕೆಯಾಯಿತು. ಅವಳು ತಲೆ ತಗ್ಗಿಸಿದಳು.

ಗಂಗೆ ಕೂಸನ್ನು ಮೇಲಕ್ಕೆ ಸರಿಸಿಕೊಂಡು, ಮೇಜಿನ ಕಡೆಗೊಮ್ಮೆ ಕೈ ಮುಗಿದು, ಬಾಗಿಲು ತೆರೆದುಕೊಂಡು ಹೊರಟುಹೋದಳು.

ಹೊರಗಿನ ಬಿಸಿಲು ನೇರ ಒಳಗೆ ಬಂತು. ಬೆಂಚುಗಳ ನಡುವಿನ ಹಾದಿಯಲ್ಲಿ, ಅವಳು ನಿಂತಿದ್ದ ಕಡೆ, ಉದ್ದಕ್ಕೆ ಚಾಚಿ ಬಿದ್ದುಕೊಂಡಿತು. ಎರಡೂ ಬದಿಯವರು, ನೀರು ಹರಿದು ಬಂದಾಗ ಮಾಡುವ ಹಾಗೆ, ಬರಿಗಾಲುಗಳನ್ನು ಮೆಲ್ಲಗೆ ಒಳಗೆಳೆದುಕೊಂಡರು. ಪರಿಮಳಾಳ ಕಾಲೂ ಸರಿಯಿತು. ಸರಿದ ಮೇಲೆಯೇ ಅವಳಿಗೆ ಗೊತ್ತಾದದ್ದು.

ಅಯ್ಯನವರು ಕಣ್ಣಿಗೆ ಕೈ ಅಡ್ಡ ಹಿಡಿದರು.

“ಯಾರಾದರೂ ಬಾಗಿಲು ಮುಂದೆ ಮಾಡಿ.”

ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಕೂತವಳು ಪರಿಮಳಾ. ಏಳಲೆಂದು ಬೆಂಚಿನ ಮೇಲೆ ಕೈ ಊರಿದಳು. ಎದ್ದರೆ ಬಾಗಿಲು ಹಾಕುವುದು ಒಳಗಿನಿಂದಲೋ, ಹೊರಗಿನಿಂದಲೋ? ಊರಿದ ಕೈ ಅಲ್ಲೇ ಉಳಿಯಿತು.

“ಬಾಗಿಲು,” ಅಯ್ಯನವರು ಮತ್ತೆ ಹೇಳಿದರು, “ಯಾರಾದರೂ ಮುಂದೆ ಮಾಡಿ.”